ಇಳಿಯದ ಗೆರೆ

"ಮುಟ್ಟಿದ್ರೆ ಕಚ್ಚಲ್ಲ ಸಿ ಜಿಲಾನಿ, ಬರೀ ತಂತಿ ಅದು," ಎಂದು ಸೊಂದುಸ್ ಮೇಜಿನಡಿಯಿಂದಲೇ ನಕ್ಕಳು. ಅಲ್ಲಿ ಹಿರಿಯರನ್ನು 'ಸಿ' ಎಂದು ಕರೆಯುವುದು ಮರ್ಯಾದೆ.

ಜಿಲಾನಿ ತಂತಿಯ ತುದಿಯನ್ನು ಹಳೆಯ ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿ ಎರಡೂ ಕಡೆಯ ಸ್ಕ್ರೂ ಬಿಗಿದ. ಆ ಯಂತ್ರ ಈ ನೀರಿನ ಕಚೇರಿಗೆ ಬಂದಾಗ ಅವನ ಮೀಸೆ ಇನ್ನೂ ಕಪ್ಪಗಿತ್ತು. ಯಾವುದೋ ವಿದೇಶಿ ಯೋಜನೆಯವರು ಬಿಟ್ಟುಹೋದದ್ದು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ, ಡಾಸ್ ಆಜ್ಞೆ ಕೊಟ್ಟರಷ್ಟೇ ಮಿಸುಕುವ ಯಂತ್ರ. ತಿಂಗಳಿಗೊಮ್ಮೆ ಮೋಟಾರುಬೈಕು ಹತ್ತಿ ಖರ್ಜೂರದ ತೋಟಗಳ ನಡುವಿನ, ಆಚೆ ಬಯಲಿನ ಅಳತೆ ಬಾವಿಗಳನ್ನೆಲ್ಲ ಸುತ್ತುವುದು, ಟೇಪು ಇಳಿಬಿಟ್ಟು ನೀರು ಎಷ್ಟು ಕೆಳಗಿದೆಯೆಂದು ನೋಡುವುದು, ಬಂದು ಆ ಅಂಕಿಗಳನ್ನು ಹಸಿರು ಅಕ್ಷರಗಳ ಹೊಟ್ಟೆಗೆ ಹಾಕುವುದು: ಇಷ್ಟೇ ಅವನ ನೌಕರಿ.

ಸೊಂದುಸ್ ರಾಜಧಾನಿ ಟ್ಯೂನಿಸಿನಿಂದ ವರ್ಗವಾಗಿ ಬಂದ ಎಂಜಿನಿಯರ್. ಈ ಮರಳಿನ ಸೀಮೆಗೆ ಯಾರೇ ಬಂದರೂ ಆರು ತಿಂಗಳಿಗೆ ವಾಪಸು ಹೋಗುವ ದಾರಿ ಹುಡುಕುತ್ತಿದ್ದರು. ಇವಳು ಹೊಸ ಕಂಪ್ಯೂಟರನ್ನು ತನ್ನ ಕಾರಿನ ಹಿಂದಿನ ಸೀಟಿನಲ್ಲಿ ಕಂಬಳಿ ಸುತ್ತಿ ತಂದಿದ್ದಳು. ಅದಕ್ಕೆ ಹಳೆಯ ಅಗಲ ಫ್ಲಾಪಿ ತೂರಿಸಲು ಬಾಯಿಯೇ ಇರಲಿಲ್ಲ. ಹಾಗಾಗಿ ಎರಡು ಯಂತ್ರಗಳನ್ನೂ ತಂತಿಯಿಂದ ಕಟ್ಟಿ, ಒಂದರೊಳಗಿನದನ್ನು ಇನ್ನೊಂದಕ್ಕೆ ಹರಿಸುವುದು ಎಂದಾಯಿತು.

ಮೊದಲ ಸಲ ಹರಿದು ಬಂದದ್ದನ್ನು ಕಂಡು ಇಬ್ಬರೂ ಬೆಚ್ಚಿದರು. ಹದಿನಾಲ್ಕು ಮೀಟರ್ ಆಳದ ನೀರು ಸಾವಿರದ ನಾನೂರು ಮೀಟರ್ ಕೆಳಗೆ ಹೋಗಿತ್ತು.

"ಏನಮ್ಮ ಇದು? ನಮ್ಮ ಬಾವಿ ಭೂಮಿಯ ಆ ಕಡೆಗೆ ತೂತು ಬಿದ್ದುಬಿಡ್ತಲ್ಲ!"

"ಚುಕ್ಕಿ," ಎಂದಳು ಸೊಂದುಸ್, ಹಣೆ ಬಡಿದುಕೊಂಡು. "ನಿಮ್ಮ ಈ ಮುದುಕ ಅಂಕಿ ಮಧ್ಯೆ ಚುಕ್ಕಿ ಇಡ್ತಾನೆ. ಈ ಹೊಸಬ ಅಲ್ಪವಿರಾಮ ಕೇಳ್ತಾನೆ. ಚುಕ್ಕಿ ಕಂಡ್ರೆ ನುಂಗಿಬಿಡ್ತಾನೆ."

ಚುಕ್ಕಿಗಳನ್ನು ತಿದ್ದಿದರು. ಆಮೇಲೆ ಸುಮ್ಮನೆ ನಂಬದೆ, ಎರಡೂ ಪರದೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಅವನು ಓದುವುದು, ಅವಳು ಹೌದೆನ್ನುವುದು ಮಾಡುತ್ತ ಒಂದು ವಾರವೇ ಕೂತರು. ಒಂದು ಅಂಕಿಯೂ ಜಾರಿರಲಿಲ್ಲ. ಕೊನೆಗೆ ಅವಳು ಯಾವುದೋ ಗುಂಡಿ ಒತ್ತಿದಾಗ ಪರದೆಯ ಮೇಲೆ ಬಣ್ಣಬಣ್ಣದ ಗೆರೆಗಳು ಮೂಡಿದವು. ಒಂದೊಂದು ಬಾವಿಗೆ ಒಂದೊಂದು ಗೆರೆ. ಹೆಚ್ಚುಕಡಿಮೆ ಎಲ್ಲವೂ ಎಡಗಡೆ ಎತ್ತರದಲ್ಲಿ ಹುಟ್ಟಿ ಬಲಗಡೆಗೆ ಇಳಿಯುತ್ತ, ಇಳಿಯುತ್ತ, ಈಚಿನ ವರ್ಷಗಳಲ್ಲಿ ಬೆಟ್ಟದಿಂದ ಜಾರಿದ ಹಾಗೆ ಕೆಳಗೆ ಬಿದ್ದಿದ್ದವು.

ಜಿಲಾನಿ ಕುರ್ಚಿಯ ತುದಿಗೆ ಸರಿದು ಕೂತ. ತಾನೇ ಅಳೆದದ್ದು, ತಾನೇ ಬರೆದದ್ದು. ಆದರೂ ಹೀಗೆ ಒಟ್ಟಿಗೆ ಒಮ್ಮೆಯೂ ಕಂಡಿರಲಿಲ್ಲ.

ಅವನೇನು ಇಷ್ಟು ಕಾಲ ಸುಮ್ಮನಿದ್ದವನಲ್ಲ. ವರದಿ ಬರೆದಿದ್ದ, 'ತಲುಪಿದೆ' ಎಂಬ ಮುದ್ರೆ ಬಿದ್ದು ವಾಪಸು ಬಂದಿತ್ತು. ಕಾಫಿ ಅಂಗಡಿಯಲ್ಲಿ ಹೇಳಿ ನೋಡಿದ್ದ. ಅಲ್ಲಿ ಅವನ ಹೆಂಡತಿಯ ತಮ್ಮ ತಿಜಾನಿಯೇ ಅವನನ್ನು ನಗೆಪಾಟಲು ಮಾಡಿದ್ದ. "ಬಂದ ನೋಡ್ರಪ್ಪ ಗೋರಿ ತೋಡೋನು! ಇವತ್ತು ಯಾವ ಬಾವಿ ಮಣ್ಣು ಮಾಡಿ ಬಂದೆ ಭಾವ?" ಎಂದು ದೊಡ್ಡ ಗಂಟಲಿನಲ್ಲಿ ಕೂಗಿ, ಆ ಮೇಲೆ ತಾನೇ ಚಹಾ ಕೊಡಿಸುತ್ತಿದ್ದ. ಅನುಮತಿಯಿಲ್ಲದೆ ಕೊರೆಸಿದ ಬಾವಿಗಳು ತಿಜಾನಿಯ ತೋಟದಲ್ಲೇ ಎರಡಿದ್ದವು. ಆ ತೋಟದಲ್ಲಿ ಜಿಲಾನಿಯ ಹೆಂಡತಿ ಮಬ್ರೂಕಾಳ ಪಾಲೂ ಇತ್ತು.

"ಇದನ್ನ ಕಂಡ ಮೇಲೂ ಯಾರು ಕೊರೀತಾರೆ ಹೇಳಿ?" ಎಂದಳು ಸೊಂದುಸ್.

"ಕಣ್ಣಿಗೆ ಕಾಣೋ ಹಾಗೆ ಯಾರೂ ತೋರಿಸಿರಲಿಲ್ಲ," ಎಂದ ಜಿಲಾನಿ. ಅಂದು ಮನೆಗೆ ಹೋಗುವಾಗ ಅವನು ಬಹಳ ದಿನಗಳ ಮೇಲೆ ಮಾಂಸ ಕೊಂಡುಹೋದ.

ರೈತರ ಸಭೆ ಕಚೇರಿಯ ಅಂಗಳದಲ್ಲೇ ಕೂಡಿತು. ಗೆರೆಗಳ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಅಂಟಿಸಿದ್ದರು. ಸೊಂದುಸ್ ಮಾತಾಡಿದಳು. ಮಾತಿನ ಕೊನೆಗೆ ಜಿಲಾನಿಯ ಕಡೆ ಕೈತೋರಿಸಿ, "ಇದರಲ್ಲಿ ನನ್ನದೇನೂ ಇಲ್ಲ, ಇದೆಲ್ಲ ಇವರ ಆಯುಸ್ಸು," ಎಂದಳು. ಯಾರೂ ನಗಲಿಲ್ಲ. ರೈತರು ಎದ್ದು ಬಂದು ಚಿತ್ರದ ಮುಂದೆ ನಿಂತರು. ತಮ್ಮ ತಮ್ಮ ತೋಟದ ಹತ್ತಿರದ ಬಾವಿಯ ಗೆರೆ ಯಾವುದೆಂದು ಕೇಳಿ, ಅದರ ಮೇಲೆ ಬೆರಳಾಡಿಸಿದರು. ಮುದುಕನೊಬ್ಬ "ಲಾ ಹೌಲ", ಇನ್ನು ದೇವರೇ ಗತಿ, ಎಂದು ಉಸಿರುಬಿಟ್ಟ.

ತಿಜಾನಿ ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದ. ಒಮ್ಮೆಯೂ ತಮಾಷೆ ಮಾಡಲಿಲ್ಲ. ಆಮೇಲೆ ಹಳದಿ ಗೆರೆಯೊಂದರ ಮೇಲೆ ಬೆರಳಿಟ್ಟ.

"ಭಾವ, ಎಲ್ಲಾ ಬಿದ್ದಿದೆ. ಇದೊಂದು ಯಾಕೆ ಬಿದ್ದಿಲ್ಲ?"

ಅದು ಬೀರ್ ಅತ್ರೂಸ್, ಅಂದರೆ ಅತ್ರೂಸ್ ಬಾವಿ. ಊರಿಂದ ಬಹಳ ದೂರ, ಒಂಟೆ ಮೇಯುವ ಬಯಲಿನ ಒಂಟಿ ಬಾವಿ. ಸುತ್ತ ಒಂದೂ ತೋಟವಿಲ್ಲ, ಒಂದೂ ಪಂಪಿಲ್ಲ. ಜಿಲಾನಿ ಮುಂದೆ ಬಂದು ಆ ಗೆರೆಗೆ ಅಂಗೈ ಅಡ್ಡ ಇಟ್ಟ.

"ಅದು... ಅದು ಲೆಕ್ಕಕ್ಕಿಲ್ಲ. ಅಲ್ಲಿ ಟೇಪು ಸಿಕ್ಕಿಹಾಕ್ಕೊಳ್ತಿತ್ತು. ತಪ್ಪು ಅಂಕಿ," ಎಂದ.

ನೌಕರಿಯಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು.

"ಇಲ್ಲ ಸಿ ಜಿಲಾನಿ, ಒಂದೊಂದೇ ನೋಡಿದ್ವಲ್ಲ ನಾವು!" ಎಂದಳು ಸೊಂದುಸ್. ಅವಳ ದನಿಯಲ್ಲಿ ಹೆಮ್ಮೆಯಿತ್ತು. "ಒಂದೂ ತಪ್ಪಿಲ್ಲ. ಬೀರ್ ಅತ್ರೂಸ್‌ನಲ್ಲಿ ನೀರು ಹಾಗೇ ಇದೆ. ಯಾಕಂದ್ರೆ ಅಲ್ಲಿ ಯಾರೂ..."

ಮಾತು ಅಲ್ಲೇ ನಿಂತಿತು. ಅವಳು ರೈತರ ಮುಖಗಳನ್ನು ನೋಡಿದಳು. ಅವರಾರೂ ಈಗ ಚಿತ್ರವನ್ನು ನೋಡುತ್ತಿರಲಿಲ್ಲ, ಒಬ್ಬರನ್ನೊಬ್ಬರು ನೋಡುತ್ತಿದ್ದರು. ಇಬ್ಬರು ಆಗಲೇ ಚಪ್ಪಲಿ ಮೆಟ್ಟಿ ಗೇಟಿನತ್ತ ಹೊರಟಿದ್ದರು.

ಜನ ಹೋದ ಮೇಲೆ ಖಾಲಿ ಕುರ್ಚಿಗಳ ನಡುವೆ ಅವಳು ಕೇಳಿದಳು, "ನಾನೇನು ತಪ್ಪು ಹೇಳಿದೆ?"

"ತಪ್ಪೇನೂ ಹೇಳ್ಲಿಲ್ಲಮ್ಮ," ಎಂದ ಜಿಲಾನಿ, ಚಿತ್ರ ಬಿಚ್ಚುತ್ತ.

ರಾತ್ರಿಯ ಊಟಕ್ಕೆ ತಿಜಾನಿ ಕರೆಯದೇ ಬಂದ. ಬಯಲಿನಲ್ಲಿ ಎಲ್ಲಿ ಕೊರೆದರೆ ಒಳ್ಳೆಯದು, ಎಷ್ಟು ಆಳಕ್ಕೆ ಸಿಕ್ಕೀತು ಎಂದು ಕೇಳಿದ. ಜಿಲಾನಿ ರೊಟ್ಟಿ ಮುರಿಯುತ್ತ ತಲೆಯೆತ್ತಲಿಲ್ಲ.

"ಭಾವ, ನೀನು ಹೇಳದೇ ಇದ್ರೂ ಕೊರೀತಾರೆ. ಗೋಡೆ ಮೇಲೆ ಹಾಕಿದ್ದು ನೀನೇ ಅಲ್ವಾ? ಊರಿಗೆಲ್ಲ ತೋರಿಸಿದೆ, ಮನೆಯವರ ಮುಂದೆ ಬಾಯಿ ಮುಚ್ಚಿಕೊಂಡ್ರೆ ಹೇಗೆ?"

"ನಿಲ್ಲಿಸಿ ಅಂತ ತೋರಿಸಿದ್ದು."

"ಎಲ್ಲರೂ ನಿಲ್ಲಿಸಿದ್ರೆ ನಾನೂ ನಿಲ್ಲಿಸ್ತೀನಿ. ಕರ್ಕೊಂಡು ಬಾ ಎಲ್ಲರನ್ನೂ."

ಮಬ್ರೂಕಾ ಸಾರಿನ ಪಾತ್ರೆ ಇಟ್ಟವಳು ಅಲ್ಲೇ ನಿಂತಳು. ಗಂಡನ ಪರವಾಗಿ ತವರಿನವರ ಜೊತೆ ಜಗಳಕ್ಕೆ ನಿಂತವಳು ಅವಳು. ಆ ನೆನಪಿನಿಂದಲೇ ಅವನು ಅವಳತ್ತ ನೋಡಿದ.

"ನನ್ನ ಮರಗಳ ಸುಳಿ ಒಣಗ್ತಾ ಇದೆ ರೀ," ಎಂದಳು ಮೆಲ್ಲಗೆ. "ನಮ್ಮ ಮಗಳ ಮದುವೆಗೆ ಆಗ್ಲಿ ಅಂತ ನಮ್ಮಪ್ಪ ಕೊಟ್ಟಿದ್ದು. ನೀವು ಪ್ರತಿ ತಿಂಗಳೂ ಬಂದು ನೀರು ಇಳೀತು ಅಂದ್ರಿ. ಇಷ್ಟು ವರ್ಷದಲ್ಲಿ ಒಂದು ದಿನವಾದ್ರೂ ಎಲ್ಲಿದೆ ಅಂತ ಹೇಳಿದ್ರಾ?"

ಅವನು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ. ಆಮೇಲೆ ಹೇಳಿದ: ಬಾವಿಯ ಪೂರ್ವಕ್ಕೆ, ಬಿಳಿ ತಗ್ಗಿನ ಅಂಚಿಗೆ, ಪಶ್ಚಿಮಕ್ಕೆ ಬೇಡ, ಅಲ್ಲಿ ಉಪ್ಪು. ತಿಜಾನಿ ಎದ್ದು ಬಂದು ಅವನ ತಲೆಗೆ ಮುತ್ತಿಟ್ಟ.

ಈದ್ ರಜೆಗೆ ಕಚೇರಿಗೆ ಬೀಗ ಬಿದ್ದಾಗ ಕೊರೆಯುವ ಲಾರಿಗಳು ಬಂದವು. ತಿಜಾನಿಯದು ಮೊದಲು, ಅವನ ಬೆನ್ನಿಗೇ ಉಳಿದವರದು. ಸೊಂದುಸ್ ದೂರು ಬರೆದಳು. 'ತಲುಪಿದೆ' ಎಂದು ಮುದ್ರೆ ಬಿತ್ತು. ಆರು ತಿಂಗಳು ತುಂಬುವ ಹೊತ್ತಿಗೆ ಅವಳೂ ಟ್ಯೂನಿಸಿಗೆ ವರ್ಗ ಕೇಳಿಕೊಂಡು ಹೋದಳು.

ಮರುವರ್ಷ ವಸಂತದ ಬಿಸಿಲಿನಲ್ಲಿ ಜಿಲಾನಿ ಎಂದಿನಂತೆ ಅಳತೆಗೆಂದು ಬೀರ್ ಅತ್ರೂಸ್‌ಗೆ ಹೋದ. ದೂರದಿಂದಲೇ ಡೀಸೆಲ್ ಪಂಪುಗಳ ಸದ್ದು. ಸಾಲುಸಾಲು ಖರ್ಜೂರದ ಸಸಿಗಳು, ನಡುವೆ ಮೊಣಕಾಲೆತ್ತರದ ಹಸಿರು ಮೇವು. ತಿಜಾನಿ ಪಂಪಿನ ಬಾಯಿಗೆ ಲೋಟ ಹಿಡಿದು ತುಂಬಿಸಿ ತಂದ. "ಕುಡಿ ಭಾವ, ಜೇನು ಇದು, ಜೇನು!" ಜಿಲಾನಿ ಕುಡಿದ. ನೀರು ನಿಜಕ್ಕೂ ಸಿಹಿಯಾಗಿತ್ತು. ಲೋಟ ವಾಪಸು ಕೊಟ್ಟು ಅವನು ಹಳೆಯ ಬಾವಿಯ ಕಟ್ಟೆಗೆ ಹೋಗಿ ಕೂತ.

ಟೇಪು ಇಳಿಸುವ ಮನಸ್ಸಾಗಲಿಲ್ಲ. ಬಯಲಿನ ಕಡೆಯಿಂದ ಒಂದು ಹೆಣ್ಣು ಒಂಟೆ, ಅದರ ಹಿಂದೆ ಮರಿ ಬಂದವು. ತಾಯಿ ಕಟ್ಟೆ ಪಕ್ಕದ, ಮೊದಲೆಲ್ಲ ತುಂಬಿರುತ್ತಿದ್ದ ಕಲ್ಲಿನ ತೊಟ್ಟಿಗೆ ಮೂತಿಯಿಟ್ಟು, ಒಣ ತಳವನ್ನು ಮೂಸಿ, ಹಾಗೇ ನಿಂತಿತು. ಮರಿ ಮಾತ್ರ ಅಲ್ಲಿ ನಿಲ್ಲದೆ ಪೈಪಿನ ಗುಂಟ ಹೋಗಿ, ಕೀಲಿನಿಂದ ಹನಿಯುತ್ತಿದ್ದ ಜಾಗದಲ್ಲಿ ಮುಂಗಾಲು ಮಡಚಿ ಒದ್ದೆ ಮಣ್ಣು ನೆಕ್ಕತೊಡಗಿತು.