ಹತ್ತೊಂಬತ್ತನೆಯ ಮಫ್ಲರ್

ಈ ಕಥೆಯನ್ನು ಫುಟ್‌ಬಾಲಿನಿಂದ ಶುರು ಮಾಡಲೋ, ಹೊಲಿಗೆ ಮೆಷಿನ್ನಿನಿಂದ ಶುರು ಮಾಡಲೋ ಎಂದು ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ಫುಟ್‌ಬಾಲ್ ಎಂದ ಕೂಡಲೇ ಅರ್ಧ ಓದುಗರು ಪುಟ ಮಗುಚುತ್ತಾರೆ. ಹೊಲಿಗೆ ಮೆಷಿನ್ ಎಂದರೆ ಉಳಿದರ್ಧ ಮಂದಿ ಇದು ಅಳಿಸುವ ಕಥೆಯಿರಬೇಕೆಂದು ಕರ್ಚೀಫು ಹುಡುಕುತ್ತಾರೆ. ನನಗೆ ಎರಡು ಕಡೆಯವರೂ ಬೇಕು. ನಾಲ್ಕು ಪುಟ ಸುಮ್ಮನೆ ಕೂತಿರಿ, ಆಮೇಲೆ ಬೇಕಾದರೆ ಬೈಯಿರಿ.

ಕರಡು 1

‘ಹದಿನಾಲ್ಕು ಶ್ರೀಮಂತ ಕ್ಲಬ್ಬುಗಳು ಈಗಿನ ಲೀಗ್ ಬಿಟ್ಟು ತಮ್ಮದೇ ಬೇರೆ ಲೀಗ್ ಕಟ್ಟಿಕೊಳ್ಳಲಿವೆ. ಅದರಲ್ಲಿ ಯಾರೂ ಕೆಳಗಿನ ಡಿವಿಜನ್ನಿಗೆ ಬೀಳುವುದಿಲ್ಲ, ಕೆಳಗಿನಿಂದ ಯಾರೂ ಮೇಲೆ ಬರುವುದಿಲ್ಲ.’

(ಇದು ಪೇಪರಿನ ಸುದ್ದಿ, ಕಥೆಯಲ್ಲ. ಹೊಡೆದುಹಾಕಿದೆ. ಆದರೆ ವಿಷಯ ಇಷ್ಟೇ, ನೆನಪಿಟ್ಟುಕೊಳ್ಳಿ. ನಮ್ಮ ಕಥೆಯವರ ಕ್ಲಬ್ಬು ಆ ಹದಿನಾಲ್ಕರಲ್ಲಿ ಹದಿನಾಲ್ಕನೆಯದು. ಕೊನೇ ಗಳಿಗೆಯಲ್ಲಿ ಕರೆ ಬಂದು, ಕೋಟು ಹಾಕಿಕೊಂಡು ಓಡಿದ ಗಿರಾಕಿ.)

ಕರಡು 2

‘ಸಂಜೆಯ ಮಂಕು ಬೆಳಕಿನಲ್ಲಿ ಒಬ್ಬಂಟಿ ಟೈಲರ್ ಸೂಜಿಗೆ ದಾರ ಪೋಣಿಸುತ್ತಿದ್ದ.’

“ಯಾರು ಒಬ್ಬಂಟಿ?” ಎಂದು ಟೈಲರ್ ಅಲ್ಲಿಂದಲೇ ಕೇಳಿದ. “ಮನೇಲಿ ಹೆಂಡ್ತಿ, ಇಬ್ರು ಹೆಣ್ಮಕ್ಕಳು, ಅತ್ತೆ. ಬೆಳಗ್ಗೆ ಮುಖ ತೊಳಿಯೋಕೂ ಕ್ಯೂ ನಿಲ್ಬೇಕು. ಮಂಕು ಬೆಳಕು ಬೇರೆ ಕೇಡು. ಎರಡು ಟ್ಯೂಬ್‌ಲೈಟ್ ಹಾಕಿಸಿದೀನಿ, ಕಣ್ಣು ಬಿಟ್ಟು ನೋಡಿ ಬರೀರಿ.”

ನೋಡಿ ಬರೆಯುತ್ತೇನೆ.

3

(ಹೌದು, ಕರಡು ಎರಡಾದ ಮೇಲೆ ಸೀದಾ ಮೂರು. ನನ್ನ ಲೆಕ್ಕ ಹೀಗೇ. ಈ ಕಥೆಯಲ್ಲಿ ಲೆಕ್ಕ ತಪ್ಪುವವನು ನಾನೊಬ್ಬನೇ ಅಲ್ಲ.)

ಟ್ಯೂಬ್‌ಲೈಟಿನ ಕೆಳಗೆ ಎರಡು ಮೆಷಿನ್ನು, ಒಂದು ಕತ್ತರಿಸುವ ಮೇಜು, ಗೋಡೆಯುದ್ದಕ್ಕೂ ಬಟ್ಟೆ ನೇತುಹಾಕುವ ಎರಡು ರಾಡುಗಳು. ಎಡಗಡೆಯ ರಾಡಿನಲ್ಲಿ ಇನ್ನೂ ಹೊಲಿಯಬೇಕಾದ ಬಟ್ಟೆ, ಬಲಗಡೆಯದರಲ್ಲಿ ಹೊಲಿದು ಮುಗಿದದ್ದು. ಐವತ್ತೆರಡರ ಟೈಲರನಿಗೆ ಇದು ಎಷ್ಟು ರೂಢಿಯಾಗಿದೆಯೆಂದರೆ, ಮನೆಯಲ್ಲೂ ತೊಳೆದ ತಟ್ಟೆಯನ್ನು ಬಲಗಡೆಗೇ ಇಡುತ್ತಾನೆ. ಕೈ ತಾನಾಗಿ ಹೋಗುತ್ತದೆ, ತಲೆಯನ್ನು ಕೇಳುವುದಿಲ್ಲ.

ಈ ಅಂಗಡಿಯೇ ಕ್ಲಬ್ಬಿನ ಅಭಿಮಾನಿ ಸಂಘದ ಆಫೀಸು. ಅಧ್ಯಕ್ಷರು ಗಣಿತದ ಮೇಷ್ಟ್ರು. ಪಕ್ಕದ ಬೇಕರಿಯಮ್ಮ ಬೆಂಚು ಕೊಡುತ್ತಾಳೆ. ಟೀ ಮಾಡುವುದು, ಲೋಟ ತೊಳೆಯುವುದು ಟೈಲರನ ಭಾವನ ಪಾಲು. ಭಾವ ಬಸ್ ಡ್ರೈವರು, ಟೈಲರನ ಅಕ್ಕನ ಗಂಡ. ಅಕ್ಕ ತೀರಿಕೊಂಡು ನಾಲ್ಕು ವರ್ಷವಾಯಿತು.

ಇಪ್ಪತ್ತಾರು ವರ್ಷ ಈ ಮೂವರೂ ಶನಿವಾರ ಶನಿವಾರ ಒಟ್ಟಿಗೆ ಸ್ಟೇಡಿಯಮ್ಮಿಗೆ ಹೋದವರು. ಭಾವ ಆ ಕಡೆ, ಟೈಲರ್ ಈ ಕಡೆ, ನಡುವೆ ಅಕ್ಕ. ಈಗ ನಡುವಿನ ಸೀಟಿನಲ್ಲಿ ಇಬ್ಬರ ಕೋಟುಗಳೂ ಕೂರುತ್ತವೆ. ಆಟದ ಮಾತು ಬಿಟ್ಟರೆ ಅವರಿಬ್ಬರ ಬಾಯಲ್ಲಿ ಇನ್ನೊಂದು ಮಾತು ಬರುವುದಿಲ್ಲ. ಅಕ್ಕನ ಸುದ್ದಿಯಂತೂ ನಾಲ್ಕು ವರ್ಷದಲ್ಲಿ ಒಮ್ಮೆಯೂ ಎತ್ತಿಲ್ಲ. ಎತ್ತಲು ಭಯ. ಆಫ್‌ಸೈಡು, ಗೋಲ್‌ಕೀಪರನ ಮೊಣಕಾಲು, ಹೊಸ ಕೋಚು, ಇಷ್ಟರಲ್ಲೇ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಾರೆ. ಶನಿವಾರವೊಂದು ಹೋಯಿತೆಂದರೆ ಭಾವನೂ ಹೋದ ಹಾಗೆಯೇ. ಟೈಲರನಿಗೆ ಇದು ಚೆನ್ನಾಗಿ ಗೊತ್ತು.

(ಓದುಗರೇ, ಈ ಕಥೆಯಲ್ಲಿ ಕಳೆದುಹೋಗಬಹುದಾದದ್ದು ಇದೊಂದೇ. ಹದಿನಾಲ್ಕು ಕ್ಲಬ್ಬು ಎಲ್ಲಿಗೆ ಬೇಕಾದರೂ ಹಾಳಾಗಿ ಹೋಗಲಿ.)

4

ಗುರುವಾರ ಸಂಜೆ ಸಭೆ. ಕ್ಲಬ್ಬು ಹೊಸ ಲೀಗಿನಿಂದ ಹಿಂದೆ ಸರಿಯುವವರೆಗೂ ಸಂಘದವರು ಯಾರೂ ಸ್ಟೇಡಿಯಮ್ಮಿಗೆ ಕಾಲಿಡಬಾರದು ಎಂಬ ಠರಾವು. ಅದನ್ನು ಬರೆದು ತಂದವನು ಯಾರು ಅಂದುಕೊಂಡಿರಿ? ಟೈಲರೇ.

“ಶನಿವಾರ ಕೈಬಿಟ್ಟು ಹೋದರೆ ನಿನಗೇ ಕಷ್ಟ ಅಲ್ಲವೇನಯ್ಯಾ?” ಎಂದು ನಾನು ಅವನ ಕಿವಿಯಲ್ಲಿ ಕೇಳಿದೆ.

“ಕಷ್ಟ ಅಂತ ಸುಮ್ನಿರೋಕಾಗುತ್ತಾ?” ಎಂದ. “ನೀವು ಬರೀರಿ, ನಾನು ಮಾತಾಡ್ತೀನಿ.”

ಮಾತಾಡಿದ. “ನಮ್ಮ ಟೀಮು ಎರಡು ಸಲ ಕೆಳಗೆ ಬಿದ್ದು ಎದ್ದು ಬಂದಿದೆ. ಬೀಳೋ ಭಯಾನೇ ಇಲ್ಲ ಅಂದ್ಮೇಲೆ ಅದೆಂಥ ಆಟ ರೀ? ಸೋತ್ರೂ ಅಲ್ಲೇ, ಗೆದ್ರೂ ಅಲ್ಲೇ. ಅದಕ್ಕಿಂತ ಮನೇಲಿ ಕೂತು ಫ್ಯಾನ್ ತಿರುಗೋದು ನೋಡ್ಬೋದು.”

“ಬೀಳೋವಾಗ ನೀವು ಎರಡು ತಿಂಗಳು ಊಟ ಬಿಟ್ಟಿದ್ರಿ,” ಎಂದರು ಮೇಷ್ಟ್ರು. “ಇನ್ನಾದ್ರೂ ನೆಮ್ಮದಿಯಾಗಿ ಊಟ ಮಾಡ್ಬೋದಲ್ಲ?”

“ಊಟದ ಮಾತು ಬಂತು, ನಾನು ಹೇಳ್ತೀನಿ,” ಎಂದು ಬೇಕರಿಯಮ್ಮ ಎದ್ದಳು. “ಪಕ್ಕದ ಊರಿನ ಸಣ್ಣ ಟೀಮು ಬಂದ್ರೆ ಅವ್ರ ಜನ ನನ್ನ ಅಂಗಡೀಲಿ ಬನ್ ತಿಂದು, ನಮ್ಮನ್ನ ಚೆನ್ನಾಗಿ ಬೈದು ಹೋಗ್ತಾರೆ. ನಂಗೆ ಆ ಬೈಗುಳ ಕೇಳದೆ ಸೀಸನ್ನು ಮುಗಿದ ಹಾಗೇ ಅನ್ಸಲ್ಲ. ವಿಮಾನದಲ್ಲಿ ಬರೋ ದೊಡ್ಡೋರು ನನ್ನ ಬನ್ ತಿಂತಾರಾ?”

ಭಾವ ಕೊನೆಗೆ ಮಾತಾಡಿದರು. ಅವರದು ಯಾವಾಗಲೂ ಗೇರು ಬದಲಿಸಿದಷ್ಟೇ ಮಾತು.

“ಲೀಗು ಯಾವ್ದಾದ್ರೂ ಆಗ್ಲಿ, ಟೀಮು ನಮ್ದು. ಮನೆ ಮಗ ಕೆಟ್ಟ ಸಹವಾಸ ಮಾಡ್ದ ಅಂತ ಬಾಗಿಲು ಹಾಕ್ಕೊಳ್ತೀವಾ? ಹೋಗಿ ನೋಡೋಣ, ಅಲ್ಲೇ ಕೂತು ಬೈಯೋಣ.”

“ಠರಾವು ಪಾಸಾದ್ರೆ ಏನ್ಮಾಡ್ತೀರಿ ಭಾವ?” ಎಂದ ಟೈಲರ್.

“ಸಂಘ ಹೇಳಿದ್ಮೇಲೆ ಮುಗೀತು. ಶನಿವಾರಕ್ಕೂ ಡ್ಯೂಟಿ ಬರಸ್ಕೊಳ್ತೀನಿ. ಮೂವತ್ತು ವರ್ಷ ಬೇರೆಯವ್ರ ಕೈಕಾಲು ಹಿಡಿದು ರಜಾ ತಗೊಂಡಿದ್ದಾಯ್ತು. ಇನ್ನು ಅವ್ರು ಆರಾಮಾಗಿ ಇರ್ಲಿ.”

ಟೈಲರ್ ಠರಾವಿನ ಹಾಳೆಯನ್ನು ಮಡಚಿದ, ಮತ್ತೆ ಬಿಡಿಸಿದ. ಆದರೂ ಠರಾವು ವಾಪಸು ತೆಗೆದುಕೊಳ್ಳಲಿಲ್ಲ. ನಾನು ಅವನ ಬೆನ್ನು ತಟ್ಟಲು ಹೋದೆ, ಕೈ ಕೊಡವಿಕೊಂಡ.

5

ಈ ಸಂಘದ ಓಟಿನ ಕ್ರಮವನ್ನು ಹೇಳಲೇಬೇಕು. ಕೈ ಎತ್ತಿ ಎಂದರೆ ಗೋಲು ಹೊಡೆದವರಂತೆ ಎರಡೂ ಕೈ ಎತ್ತುವ ಜನ ಇವರು. ಚೀಟಿ ಕೊಟ್ಟರೆ ಅದರ ಮೇಲೆ ಸ್ಕೋರು ಬರೆಯುತ್ತಾರೆ. ಹಾಗಾಗಿ ಬಹಳ ಹಿಂದೆಯೇ ಮಫ್ಲರ್ ಪದ್ಧತಿ ಬಂತು. ಎಲ್ಲರ ಕೊರಳಲ್ಲೂ ಕ್ಲಬ್ಬಿನ ನೀಲಿ-ಹಳದಿ ಮಫ್ಲರ್ ಇರುತ್ತದೆ. ಠರಾವು ಬೇಡ ಎನ್ನುವವರು ಎಡಗಡೆ ರಾಡಿಗೆ, ಬೇಕು ಎನ್ನುವವರು ಬಲಗಡೆ ರಾಡಿಗೆ ತಮ್ಮದನ್ನು ನೇತುಹಾಕಬೇಕು. ಸಮಸಮ ಬಂದರೆ ಯಾರಾದರೂ ಮನಸ್ಸು ಬದಲಿಸಿ ಮಫ್ಲರ್ ಎತ್ತಿ ಆಚೆ ಹಾಕುವವರೆಗೂ ಮತ್ತೆ ಚರ್ಚೆ. ಎಣಿಸುವ ಕೆಲಸ ಭಾವನದು. ಅವರು ತಮ್ಮ ತಾಯಿಯ ಪರವಾಗಿಯೂ ಸುಳ್ಳು ಎಣಿಸುವವರಲ್ಲ ಎಂದು ಎಲ್ಲರಿಗೂ ನಂಬಿಕೆ.

ಎಲ್ಲರೂ ನೇತುಹಾಕಿದರು. ಭಾವ ಎಡಗಡೆ ಎಣಿಸಿದರು. ಬಲಗಡೆ ಎಣಿಸುತ್ತ ಕೊನೆಯಲ್ಲಿ ಒಂದು ಕಡೆ ಕೈ ನಿಂತಿತು. ತುಸು ಹೊತ್ತು ನಿಂತೇ ಇದ್ದರು.

“ಎಡಗಡೆ ಒಂಬತ್ತು. ಬಲಗಡೆ ಹತ್ತು. ಠರಾವು ಪಾಸು,” ಎಂದರು.

ಬಂದವರು ಒಟ್ಟು ಹದಿನೆಂಟು ಮಂದಿ. ಒಂಬತ್ತೂ ಹತ್ತೂ ಹತ್ತೊಂಬತ್ತು. (ಗಣಿತದ ಮೇಷ್ಟ್ರು ಅಲ್ಲೇ ಕೂತಿದ್ದರು. ಅವರ ಮರ್ಯಾದೆಯ ದೃಷ್ಟಿಯಿಂದ ನಾನು ಹೆಚ್ಚು ಹೇಳುವುದಿಲ್ಲ.) ಯಾರಿಗೂ ಹೊಳೆಯಲಿಲ್ಲ. ಕೆಲವರು ಚಪ್ಪಾಳೆ ಹೊಡೆದರು, ಕೆಲವರು ಮುಖ ಊದಿಸಿಕೊಂಡರು, ತಂತಮ್ಮ ಮಫ್ಲರ್ ಸುತ್ತಿಕೊಂಡು ಹೊರಟರು.

ಬಲಗಡೆಯ ರಾಡಿನಲ್ಲಿ ಒಂದು ಉಳಿಯಿತು.

ಟೈಲರ್ ಅದನ್ನು ನೋಡಿದವನೇ ಸ್ಟೂಲು ಎಳೆದುಕೊಂಡು ಕೂತ. ಅದು ಅಕ್ಕನದು. ಹೋದ ವಾರ ಭಾವ ತಂದುಕೊಟ್ಟಿದ್ದರು. ನಾಲ್ಕು ವರ್ಷದ ಮೇಲೆ ಅವಳ ಬೀರು ತೆಗೆದಿರಬೇಕು. ತೆಗೆದೆ ಎಂದಿರಲಿಲ್ಲ, “ಹುಳ ತಿಂದಿದೆ, ನೋಡು,” ಎಂದಷ್ಟೇ ಹೇಳಿದ್ದರು. ಇವನೂ “ಇಟ್ಟು ಹೋಗಿ,” ಎಂದಷ್ಟೇ ಹೇಳಿದ್ದ. ಇವತ್ತು ಮಧ್ಯಾಹ್ನ ಕೂತು ಏಳು ತೂತುಗಳನ್ನು ಅದೇ ಬಣ್ಣದ ಉಣ್ಣೆ ಹುಡುಕಿ ಮುಚ್ಚಿದ್ದ. ಮುಗಿದ ಕೆಲಸ. ಕೈ ತಾನಾಗಿ ಬಲಗಡೆಗೆ ಹೋಗಿತ್ತು.

6

ಭಾವ ಹಿಂದಿನ ಕೋಣೆಯಲ್ಲಿ ಲೋಟ ತೊಳೆಯುತ್ತಿದ್ದಾರೆ. ಹದಿನೆಂಟು ಲೋಟ. ಅಷ್ಟರೊಳಗೆ ನಾನೂ ಟೈಲರೂ ಒಂದು ತೀರ್ಮಾನಕ್ಕೆ ಬರಬೇಕು.

“ಮುಕ್ತಾಯ ಒಂದು,” ಎಂದೆ. “ನಾಳೆ ಬೆಳಗ್ಗೆ ಕ್ಲಬ್ಬಿನವರು ಹೊಸ ಲೀಗು ಬೇಡ ಅಂತ ಹಿಂದೆ ಸರಿದರು. ಠರಾವಿಗೆ ಅರ್ಥವೇ ಇಲ್ಲ. ಶನಿವಾರ ಎಂದಿನಂತೆ ಇಬ್ಬರೂ ಹೊರಟಿರಿ.”

“ಅಷ್ಟು ಸುಲಭಕ್ಕೆ ಅವ್ರು ಸರಿತಾರೆ ಅಂದ್ರೆ ನಾನ್ಯಾಕೆ ಠರಾವು ಬರೀತಿದ್ದೆ? ಮೋಸ ಅದು. ಬೇರೆ ಹೇಳಿ.”

“ಎರಡು. ನೀನು ಬಾಯಿ ಮುಚ್ಚಿಕೊಂಡಿರು. ನೀನು ನಂಬಿದ್ದು ಗೆದ್ದಿದೆ.”

“ತಪ್ಪು ಎಣಿಕೇಲಿ ಗೆದ್ದಿದ್ದು ಗೆದ್ದ ಹಾಗಾ? ರೆಫ್ರಿ ನೋಡ್ಲಿಲ್ಲ ಅಂತ ಕೈಯಲ್ಲಿ ಗೋಲು ಹೊಡೆದ ಹಾಗೆ. ಅಕ್ಕ ಇದ್ದಿದ್ರೆ ಕಪಾಳಕ್ಕೆ ಬಾರಿಸ್ತಿದ್ಲು.”

“ಮೂರು. ಭಾವನಿಗೆ ಇದ್ದಕ್ಕಿದ್ದಂತೆ ಎದೆನೋವು ಬಂದು—”

ಟೈಲರ್ ಮೇಜಿನ ಮೇಲಿದ್ದ ದೊಡ್ಡ ಕತ್ತರಿ ಕೈಗೆತ್ತಿಕೊಂಡ. “ನನ್ನ ಭಾವನ ತಂಟೆಗೆ ಬಂದ್ರೆ ನಿಮ್ಮ ಕಥೆ ಇಲ್ಲೇ ಕತ್ತರಿಸಿ ಹಾಕ್ತೀನಿ. ಏನು ಬರಹಗಾರರಪ್ಪಾ ನೀವು, ಕೈ ಸಾಗ್ಲಿಲ್ಲ ಅಂದ್ರೆ ಯಾರನ್ನಾದ್ರೂ ಸಾಯ್ಸೋದು.”

ನನಗೆ ನಾಚಿಕೆಯಾಯಿತು. ಹೊಡೆದುಹಾಕಿದೆ.

“ಹಾಗಾದ್ರೆ ನಿಜ ಹೇಳಿಬಿಡು,” ಎಂದೆ. “ಇದು ಓಟಲ್ಲ, ಕೈತಪ್ಪು ಅಂತ. ಎಣಿಕೆ ಸಮಸಮ ಆಗತ್ತೆ, ನಿನ್ನ ಶನಿವಾರ ಉಳಿದರೂ ಉಳಿಯಬಹುದು.”

ಅವನು ಕತ್ತರಿಯನ್ನು ಮೇಜಿನ ಮೇಲೆ ವಾಪಸಿಟ್ಟ. ಹೇಳಬೇಕಾದರೆ ಅಕ್ಕನ ಹೆಸರು ಎತ್ತಬೇಕು. ಠರಾವು ಸೋಲುವುದಕ್ಕಿಂತ ಅದೇ ಅವನಿಗೆ ಕಷ್ಟ. ಒಳಗೆ ನಲ್ಲಿ ನಿಂತಿತು.

7

ಭಾವ ಕೈ ಒರೆಸಿಕೊಳ್ಳುತ್ತ ಬಂದರು. ಸೀದಾ ಬಲಗಡೆಯ ರಾಡಿಗೆ ಹೋಗಿ ಮಫ್ಲರ್ ಇಳಿಸಿಕೊಂಡರು. ಟ್ಯೂಬ್‌ಲೈಟಿಗೆ ಹಿಡಿದು ತೂತು ಹುಡುಕಿದರು. ಒಂದೂ ಸಿಗಲಿಲ್ಲ.

“ಚೆನ್ನಾಗಿ ಮಾಡಿದೀಯ,” ಎಂದರು. ಮತ್ತೆ, “ಎಣಿಸೋವಾಗ್ಲೇ ನೋಡ್ದೆ. ಅವಳ ಓಟು ನೀನು ಹಾಕಿದೀಯ ಅಂತ ಗೊತ್ತಾಯ್ತು. ಬಿಟ್ಟು ಎಣಿಸೋಕೆ ಕೈ ಬರ್ಲಿಲ್ಲ. ನೀನು ಅವಳ ಜೊತೇಲಿ ಹುಟ್ಟಿದೋನು, ನಿಂಗೆ ಹಕ್ಕಿದೆ ಅಂದ್ಕೊಂಡೆ.”

(ಇದು ನಾನು ಬರೆದದ್ದಲ್ಲ. ಭಾವ ಲೆಕ್ಕ ತಪ್ಪಿದ್ದಾರೆ ಎಂದೇ ನಾನು ಈವರೆಗೆ ತಿಳಿದಿದ್ದೆ. ಹೆಂಡತಿಯ ಓಟು ತನ್ನ ಶನಿವಾರವನ್ನು ಕಿತ್ತುಕೊಳ್ಳುತ್ತದೆಂದು ಗೊತ್ತಿದ್ದೂ ಅದನ್ನು ಎಣಿಸಿದರು ಈ ಮನುಷ್ಯ.)

ನಾನು ಟೈಲರನಿಗೊಂದು ಒಳ್ಳೆಯ ವಾಕ್ಯ ಹುಡುಕುತ್ತಿದ್ದೆ, ಅಷ್ಟರಲ್ಲಿ ಅವನೇ ಹೇಳಿಬಿಟ್ಟ.

“ಇಲ್ಲ ಭಾವ. ನಾನು ಹಾಕ್ಲಿಲ್ಲ. ಕೆಲಸ ಮುಗೀತು, ರೂಢಿ ಮೇಲೆ ಆ ಕಡೆ ನೇತಾಕ್ದೆ. ಅಷ್ಟೇ. ಅಕ್ಕನ ಹೆಸ್ರಲ್ಲಿ ಓಟು ಹಾಕೋಷ್ಟು ಧೈರ್ಯ ನಂಗೆಲ್ಲಿದೆ?”

ಭಾವ ಬೆಂಚಿನ ಮೇಲೆ ಕೂತರು. ಮಫ್ಲರ್ ಮಡಿಲಲ್ಲಿತ್ತು. ಅದರ ಅಂಚು ಸವರುತ್ತ ಕೇಳಿದರು.

“ಹಾಗಾದ್ರೆ ಅವಳು ಯಾವ ಕಡೆ ಹಾಕ್ತಿದ್ಲು?”

ಟೈಲರ್ ಸ್ಟೂಲನ್ನು ಬೆಂಚಿನ ಹತ್ತಿರ ಎಳೆದ.

“ಮ್ಯಾಚಿಗೆ ಬರಲ್ಲ ಅಂತಿದ್ಲು,” ಎಂದರು ಭಾವ ತಾವೇ. “ದೊಡ್ಡಸ್ತಿಕೆ ಕಂಡ್ರೆ ಆಗ್ತಿರ್ಲಿಲ್ಲ ಅವಳಿಗೆ. ನಾವು ಐದು ಗೋಲು ಹೊಡೆದ್ರೆ ಆರನೇದಕ್ಕೆ ಆ ಕಡೆಯವ್ರಿಗೆ ಚಪ್ಪಾಳೆ ಹೊಡೀತಿದ್ಲು. ನಿಂಗೇ ಗೊತ್ತಲ್ಲ.”

“ಅದು ಸರಿ ಭಾವ, ಆದ್ರೆ ಮ್ಯಾಚ್ ತಪ್ಸೋಳಾ ಅವಳು? ನನ್ನ ಮದುವೆ ದಿನ ಊಟದ ಹೊತ್ತಿಗೆ ಎಲ್ಲೋದ್ಲು ಅಂತ ಹುಡುಕಿದ್ರೆ, ಪಾತ್ರೆ ಇಡೋ ಕೋಣೇಲಿ ರೇಡಿಯೋ ಕಿವಿಗೆ ಒತ್ಕೊಂಡು ಕೂತಿದ್ಲು.”

“ಪೆನಾಲ್ಟಿ ಮಾತ್ರ ಯಾವತ್ತೂ ನೋಡ್ಲಿಲ್ಲ. ನನ್ನ ಮುಖ ನೋಡ್ತಿದ್ಲು. ಗೋಲಾಯ್ತೋ ಇಲ್ವೋ ನನ್ನ ಮುಖದಲ್ಲೇ ಓದ್ಕೊಳ್ತಿದ್ಲು.” ಭಾವ ಮಫ್ಲರನ್ನು ಇನ್ನೊಮ್ಮೆ ಮಡಚಿದರು. “ಈಗ ಪೆನಾಲ್ಟಿ ಬಂದ್ರೆ ಮುಖ ಎಲ್ಲಿಟ್ಕೊಳ್ಳೋದು ಅಂತಾನೇ ಗೊತ್ತಾಗಲ್ಲ ನಂಗೆ.”

“ನಾನು ನೋಡಿದೀನಿ ಭಾವ. ನೀವು ಆ ಖಾಲಿ ಸೀಟಿನ ಕಡೆ ತಿರುಗ್ತೀರ.”

ಗಮನಿಸಿದಿರಾ? ಹೋಗಬೇಕು ಎಂದಿದ್ದ ಭಾವ ಈಗ ಬೇಡವೆಂದು ವಾದಿಸುತ್ತಿದ್ದಾರೆ. ಬೇಡವೆಂದು ಠರಾವು ಬರೆದವನು ಹೋಗಲೇಬೇಕೆನ್ನುತ್ತಿದ್ದಾನೆ. ಒಬ್ಬರೂ ಬಿಟ್ಟುಕೊಡುವ ಹಾಗೆ ಕಾಣಲಿಲ್ಲ.

ನಾನು ನಡುವೆ ಬಾಯಿ ಹಾಕಿದೆ. ಮೇಷ್ಟ್ರಿಗೆ ಫೋನ್ ಮಾಡಬೇಕು, ಎಣಿಕೆ ತಪ್ಪಿದೆ ಎನ್ನಬೇಕು, ಶನಿವಾರ ಏನು ಕಥೆ ಎಂದು ಓದುಗರು ಕೇಳುತ್ತಾರೆ ಎಂದೆ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

“ಸ್ವಲ್ಪ ಹೊರಗಿರ್ತೀರಾ?” ಎಂದ ಟೈಲರ್. ದನಿಯಲ್ಲಿ ಸಿಟ್ಟಿರಲಿಲ್ಲ. “ಮನೆ ಮಾತು ನಡೀತಿದೆ.”

8

ಹೊರಗೆ ಬೇಕರಿಯ ಕಟ್ಟೆಯ ಮೇಲೆ ಕೂತಿದ್ದೇನೆ. ಈಗ ಎಣಿಕೆ ಒಂಬತ್ತಕ್ಕೆ ಒಂಬತ್ತು. ಒಂದು ಮಫ್ಲರ್ ಯಾವ ಕಡೆಯೂ ಇಲ್ಲ, ಭಾವನ ಮಡಿಲಲ್ಲಿದೆ. ಕ್ಲಬ್ಬು ಏನು ಮಾಡಿತು, ಸಂಘ ಏನು ಮಾಡಿತು, ಯಾರು ಸರಿ ಎಂದೆಲ್ಲ ನೀವು ಕೇಳಬಹುದು. ನನ್ನನ್ನು ಕೇಳಿ ಪ್ರಯೋಜನವಿಲ್ಲ, ನನ್ನನ್ನು ಒಳಗೆ ಬಿಡುತ್ತಿಲ್ಲ. ನಿಮಗೆ ತೋಚಿದ ರಾಡಿಗೆ ನೀವು ನೇತುಹಾಕಿಕೊಳ್ಳಿ.

ಗಾಜಿನ ಬಾಗಿಲಿನಾಚೆ ಕೈ ಆಡಿಸುತ್ತ ಮಾತಾಡುತ್ತಿದ್ದಾರೆ. ಒಮ್ಮೆ ಭಾವ ಕಣ್ಣೊರೆಸಿಕೊಂಡರು. ಒಮ್ಮೆ ಇಬ್ಬರೂ ಯಾವುದಕ್ಕೋ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇಕರಿಯಮ್ಮ ಬೆಂಚು ವಾಪಸು ಕೇಳಲು ಬಂದವಳು, ಬಾಗಿಲಲ್ಲಿ ಇಣುಕಿ, ಕೇಳದೆ ಹೋದಳು.

ಕೊನೆಗೆ ಭಾವ ಎದ್ದರು. ಮಫ್ಲರನ್ನು ತಮ್ಮ ಮಫ್ಲರಿನ ಮೇಲೆಯೇ ಸುತ್ತಿಕೊಂಡು ಬಾಗಿಲು ತೆರೆದರು.

“ನೀನು ಹೇಳೋದು ನಾನು ಒಪ್ಪಲ್ಲ,” ಎಂದರು. “ನಾಳೆ ಬರ್ತೀನಿ, ಕೂತು ಮಾತಾಡೋಣ.”

“ನಾಳೆ ಶುಕ್ರವಾರ ಭಾವ,” ಎಂದ ಟೈಲರ್.

“ಗೊತ್ತು ಕಣೋ,” ಎಂದರು ಭಾವ.