ಕೆಳಗಿನ ಮೆಟ್ಟಿಲಿನ ಒಂದು ಇಂಚು

ಆ ಮನೆಯ ಅಟ್ಟದಿಂದ ಯಾರಾದರೂ ಇಳಿಯುತ್ತಿದ್ದರೆ, ಕೆಳಗಿದ್ದವರು ಕೈಲಿದ್ದ ಕೆಲಸ ಬಿಟ್ಟು "ಕೊನೇ ಮೆಟ್ಟಿಲು, ಹುಷಾರು" ಎನ್ನುತ್ತಿದ್ದರು. ಅದು ಬಡಗಿಯ ಮನೆ, ಮರದ ಮೆಟ್ಟಿಲು ಮಾಡಿದ್ದೂ ಬಡಗಿಯೇ. ಹಾಗಾಗಿ ತಪ್ಪೇನಿದ್ದರೂ ಇಳಿಯುವವರ ಕಾಲಿನದು ಎಂದು ಯಾವತ್ತೋ ತೀರ್ಮಾನವಾಗಿತ್ತು.

ಹೋದ ವರ್ಷ ಬಡಗಿಯ ಹೆಂಡತಿ ಬಟ್ಟೆಗಂಟು ಹೊತ್ತು ಇಳಿಯುವಾಗ ಅಲ್ಲೇ ಮುಗ್ಗರಿಸಿದಳು. ಮಣಿಕಟ್ಟು ಮುರಿಯಿತು. "ಕಣ್ಣು ಎಲ್ಲಿಟ್ಕೊಂಡು ಇಳೀತಿದ್ದೆ?" ಎಂದು ಗಂಡ ಗದರಿದ. ಮೂಳೆ ಕೂಡಿಕೊಂಡಿತು. ಆ ಮಾತು ಮಾತ್ರ ಅವಳ ಮನಸ್ಸಿನಲ್ಲಿ ಹಾಗೇ ಉಳಿಯಿತು.

ಈಗ ಮನೆಯಲ್ಲಿ ಬೇರೆ ಜಗಳ. ಹದಿನೇಳರ ಮಗಳು ಬಡಗಿಗಳ ಸಂಘದ ಅಪ್ರೆಂಟಿಸ್ ತರಬೇತಿಗೆ ಸೇರುತ್ತೇನೆಂದು ಪಟ್ಟು ಹಿಡಿದಿದ್ದಳು. ಅರ್ಜಿಗೆ ನಾಳೆಯೇ ಕೊನೆಯ ದಿನ, ಅಪ್ಪನ ರುಜು ಇಲ್ಲದೆ ಅದು ನಡೆಯದು.

"ಮರಗೆಲಸ ಕಲಿಯೋಕೆ ಸಂಘಕ್ಕೆ ಯಾಕೆ ಹೋಗ್ಬೇಕು? ನನ್ನ ಕೈಯೇನು ಬಿದ್ದುಹೋಗಿದ್ಯಾ? ನಾನೇ ಕಲಿಸ್ತೀನಿ," ಎಂದ ಅಪ್ಪ.

"ಕಲಿಸ್ತೀರಪ್ಪ. ಆದ್ರೆ ಯಾಕೆ ಹೀಗೆ ಅಂತ ಕೇಳಿದ್ರೆ, ಹೇಳಿದಷ್ಟು ಮಾಡು ಅಂತೀರಿ."

ತಾಯಿ ನಗು ತಡೆದುಕೊಳ್ಳಲು ಪಾತ್ರೆಯ ಕಡೆ ತಿರುಗಿಕೊಂಡಳು.

ಸಂಜೆ ಸಂಘದ ತರಬೇತಿ ಮೇಸ್ತ್ರಿ ಬಂದರು. ಅವರೂ ಬಡಗಿಯೂ ಒಬ್ಬರೇ ಗುರುವಿನ ಹತ್ತಿರ ಉಳಿ ಹಿಡಿಯಲು ಕಲಿತವರು. ಮಗಳು ಅಟ್ಟದಲ್ಲಿ ಮಾಡಿದ್ದ ಮರದ ಗೂಡನ್ನು ನೋಡಲು ಅವರು ಮೇಲೆ ಹತ್ತಿದರು. ಇಳಿಯುವಾಗ ತಾಯಿ ಅಭ್ಯಾಸಬಲದಿಂದ, "ಕೊನೇ ಮೆಟ್ಟಿಲು, ಹುಷಾರಣ್ಣ," ಎಂದಳು.

ಮೇಸ್ತ್ರಿ ನಿಂತುಬಿಟ್ಟರು. "ಯಾಕಮ್ಮ?"

"ಅಲ್ಲಿ ಎಲ್ಲರೂ ಎಡವ್ತಾರೆ. ನಾನು ಕೈ ಮುರ್ಕೊಂಡಿದ್ದೂ ಅಲ್ಲೇ."

"ಮಗಾ, ಟೇಪು ತಗೊಂಡು ಬಾ. ಎಲ್ಲಾ ಮೆಟ್ಟಿಲಿನ ಎತ್ತರ ಅಳೆ," ಎಂದರು ಮೇಸ್ತ್ರಿ ಹುಡುಗಿಗೆ.

ಮಗಳು ಅಳೆದಳು. ಮಧ್ಯದವೆಲ್ಲ ಏಳೇಳು ಇಂಚು. ಕೆಳಗಿನದು ಎಂಟು. ಮೇಲಿನದು ಆರು.

ಬಡಗಿ ಟೇಪನ್ನು ಕಿತ್ತುಕೊಂಡು ತಾನೇ ಅಳೆದ. ಟೇಪು ಅವನಿಗೂ ಅದನ್ನೇ ಹೇಳಿತು.

"ನೀನು ಮೆಟ್ಟಿಲು ಹೊರೋ ಈ ಓರೆ ಮರಕ್ಕೆ ಏಳಿಂಚಿಗೊಂದು ಕಚ್ಚು ಹಾಕಿದೀಯ, ಸರಿ," ಎಂದರು ಮೇಸ್ತ್ರಿ. "ಆಮೇಲೆ ಪ್ರತಿ ಕಚ್ಚಿನ ಮೇಲೂ ಒಂದಿಂಚಿನ ಹಲಗೆ ಕೂರಿಸಿದೆ. ಮೆಟ್ಟಿಲೆಲ್ಲ ಒಂದಿಂಚು ಎದ್ದವು. ನೆಲ ಎದ್ದಿತಾ? ಅಟ್ಟ ಎದ್ದಿತಾ? ಏಳಿಂಚಿಗೆ ಒಗ್ಗಿದ ಕಾಲು ಎಂಟಕ್ಕೆ ಬಂದಾಗ ಎಡವತ್ತೆ. ಹಲಗೆ ಎಷ್ಟು ದಪ್ಪನೋ, ಅಷ್ಟನ್ನ ಓರೆ ಮರದ ಬುಡದಲ್ಲಿ ಕೊಯ್ದು ಕಳೀಬೇಕು."

"ಗುರುಗಳು ಕಲಿಸಿದ್ದೇ ಹೀಗಲ್ವಾ ಅಣ್ಣ?"

"ನನಗೂ ಹೀಗೇ ಕಲಿಸಿದ್ರು. ಅವರಿಗೆ ಅವರ ಗುರು. ಹನ್ನೊಂದು ವರ್ಷ ನಾನೂ ಇದೇ ಎಡವಟ್ಟು ಮಾಡ್ದೆ. ಸಂಘದ ತರಗತಿಯಲ್ಲಿ ನನಗಿಂತ ಚಿಕ್ಕವನು ತಿದ್ದಿದಾಗ ಮೂರು ದಿನ ಮುಖ ಊದಿಸ್ಕೊಂಡು ಓಡಾಡ್ದೆ."

ತಾಯಿ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು. "ಹಾಗಾದ್ರೆ ತಪ್ಪು ನನ್ನ ಕಾಲಿಂದಲ್ಲ."

ಬಡಗಿ ಟೇಪು ಸುತ್ತಿ ಕೆಳಗಿಟ್ಟ. "ಅಲ್ಲ ಕಣೇ. ನಂದು." ಒಂದು ವರ್ಷದಿಂದ ಅವಳ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು. ಆದರೆ ಅವಳು ಅಷ್ಟಕ್ಕೇ ಬಿಡಲಿಲ್ಲ. "ಮಗಳ ತರಬೇತಿ ಬಗ್ಗೆ ಇನ್ನೇನು ಅನುಮಾನ ಇದ್ಯೋ ಈಗ್ಲೇ ಕೇಳಿಬಿಡಿ. ನಾಳೆ ಸಂಜೆ ಕೇಳಿ ಪ್ರಯೋಜನ ಇಲ್ಲ."

"ಗಂಡಸರ ಮಧ್ಯೆ ಹುಡುಗಿ ಒಬ್ಬಳೇ…" ಎಂದ ಬಡಗಿ.

"ಒಬ್ಬಳೇ ಅಲ್ಲ, ಈ ಸಲ ಒಂಬತ್ತು ಜನ ಹುಡುಗಿಯರು," ಎಂದರು ಮೇಸ್ತ್ರಿ. "ಮೂರು ವರ್ಷದ ತರಬೇತಿ. ವಾರದಲ್ಲಿ ಎರಡು ದಿನ ಪಾಠ, ನಾಲ್ಕು ದಿನ ಕಟ್ಟಡದಲ್ಲಿ ಕೆಲಸ. ಕಲಿಯುವಾಗ್ಲೇ ಕೂಲಿ ಸಿಗತ್ತೆ. ಕಣ್ಣಿಗೆ ಕನ್ನಡಕ, ಯಂತ್ರದ ಗರಗಸಕ್ಕೆ ರಕ್ಷಾಕವಚ ಇಲ್ಲದೆ ಕೆಲಸಕ್ಕೆ ಬಿಡಲ್ಲ. ಯಾರಾದ್ರೂ ತೊಂದರೆ ಕೊಟ್ರೆ ಕೇಳೋಕೆ ಇಡೀ ಸಂಘ ಇದೆ. ಕೊನೆಗೆ ಪ್ರಮಾಣಪತ್ರ. ಯಾಕೆ ಅಂತ ಕೇಳಿದ್ರೆ ಅಲ್ಲಿ ಯಾರೂ ಗದರಲ್ಲ, ಕೇಳದಿದ್ರೆ ಗದರ್ತೀವಿ."

ಬಡಗಿ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಅರ್ಜಿಯ ಮೇಲೆ ಬಗ್ಗಿದ.

"ಪೆನ್ನಲ್ಲಿ ಹಾಕಪ್ಪ, ಇದು ಹಲಗೆಯಲ್ಲ," ಎಂದರು ಮೇಸ್ತ್ರಿ. ಮಗಳು ಆಗಲೇ ಪೆನ್ನು ಹಿಡಿದು ನಿಂತಿದ್ದಳು.

ರುಜು ಹಾಕಿದ ಮೇಲೆ ಬಡಗಿ ದನಿ ತಗ್ಗಿಸಿ ಕೇಳಿದ, "ನನ್ನಂಥವರಿಗೂ ಏನಾದ್ರೂ ಇದ್ಯಾ ಅಣ್ಣ?"

"ಭಾನುವಾರ ಬೆಳಿಗ್ಗೆ. ಹಳಬರ ತರಗತಿ. ಮುಖ ಊದಿಸ್ಕೊಳ್ಳೋಕೆ ಮೂರು ದಿನ ರಜೆ ಕೊಡ್ತೀವಿ."

ಮರುದಿನ ಮಗಳು ಅರ್ಜಿ ಕೊಟ್ಟು ಬಂದಳು. ಅಪ್ಪ ಮಗಳು ಸೇರಿ ಮೆಟ್ಟಿಲು ಬಿಚ್ಚಿ, ಓರೆ ಮರಗಳ ಬುಡದಲ್ಲಿ ಒಂದಿಂಚು ಕೊಯ್ದು, ಮತ್ತೆ ಕೂರಿಸಿದರು. ಆಮೇಲೆ ತಾಯಿ ಬಟ್ಟೆಗಂಟು ಹೊತ್ತು ಅಟ್ಟದಿಂದ ಇಳಿದಳು. ಕೊನೆಯ ಮೆಟ್ಟಿಲಿಗೆ ಬಂದಾಗ ಯಾರೂ ಏನೂ ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ.

ಬಡಗಿ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕೈಕೆಲಸಕ್ಕೆ ಯಾರೂ ಸಾಟಿಯಿಲ್ಲ ಎಂಬುದು ನಿಜ. ಆದರೂ ಇವತ್ತು ನಿಮ್ಮ ಮನೆಯ ಮೆಟ್ಟಿಲಿಗೆ ಒಮ್ಮೆ ಟೇಪು ಹಿಡಿಯಿರಿ. ನಂತರ ನಿಮ್ಮ ಸಂಘದ ಕಚೇರಿಗೆ ಹೋಗಿ ತರಬೇತಿಯ ಬಗ್ಗೆ ವಿಚಾರಿಸಿ. ಮಗಳನ್ನೂ ಮಗನನ್ನೂ ಕಳಿಸಿ, ನೀವೂ ಹೋಗಿ. ನಮ್ಮ ತಪ್ಪು ನಮ್ಮ ಮಕ್ಕಳ ಕೈಗೆ ಹೋಗುವುದು ಬೇಡ.