ಖರ್ಜೂರದ ಮರಕ್ಕೆ ಜಾಮೀನು

ಚಾಸಿಬ್‌ನ ಬಾಯಿ ಅವನ ಬುದ್ಧಿಗಿಂತ ಒಂದು ಹೆಜ್ಜೆ ಮುಂದೆ ಓಡುತ್ತದೆ ಎಂಬುದು ಅಬುಲ್ ಖಸೀಬ್‌ನಲ್ಲಿ ಎಲ್ಲರಿಗೂ ಗೊತ್ತು. ಮರ ಹತ್ತುವುದು, ಸವರುವುದು, ಉರುಳಿಸುವುದು, ಈ ಮೂರರಲ್ಲೂ ಅವನನ್ನು ಮೀರಿಸುವವರು ಆ ಕಾಲುವೆಗಳ ಊರಿನಲ್ಲಿರಲಿಲ್ಲ. ಬಾಯಿಯೊಂದು ಮಾತ್ರ ಅವನ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಹಜ್ ಮಾಡಿ ಬಂದ ಮುದುಕಿ ಹಜ್ಜಾ ಬದ್ರಿಯಾಳ ಅಂಗಳದಲ್ಲಿ ಆದ ಫಜೀತಿಗೂ ಅದೇ ಕಾರಣ.

ಅವನನ್ನು ಕರೆಸಿದ್ದು ಹಜ್ಜಾಳ ಮಗ ನಾದಿರ್. ಅಂಗಳದ ಮೂಲೆಯಲ್ಲಿದ್ದ ಖರ್ಜೂರದ ಮರ ಮನೆಯ ಕಡೆಗೆ ವಾಲಿತ್ತು. ಬಿದ್ದರೆ ನಾದಿರನ ಮಕ್ಕಳು ಮಲಗುವ ಕೋಣೆಯ ಮೇಲೇ ಬೀಳಬೇಕು. ಚಾಸಿಬ್ ತನ್ನ ಅಪ್ಪನಿಂದ ಬಂದ ಕೊಡಲಿಯ ಕಾವಿನಿಂದ ಕಾಂಡವನ್ನು ಬುಡದಿಂದ ಮೇಲಕ್ಕೆ ತಟ್ಟುತ್ತ ಬಂದ. ಮೊದಲು ಗಟ್ಟಿ ಸದ್ದು, ಸೊಂಟದ ಎತ್ತರಕ್ಕೆ ಬಂದಾಗ ಖಾಲಿ ಡಬ್ಬಿಯ ಸದ್ದು. ಅಲ್ಲೊಂದು ತೂತಿನಿಂದ ಕಂದು ರಸ ಒಸರುತ್ತಿತ್ತು. ಬೆರಳಿಗೆ ತಾಗಿಸಿ ಮೂಸಿದ. ಹುಳಿ ನಾತ.

"ಕೆಂಪು ಮೂತಿ ಹುಳು. ಒಳಗೆಲ್ಲ ತಿಂದು ತೇಗಿಬಿಟ್ಟಿದೆ," ಎಂದ. "ಎರಡು ವರ್ಷದಿಂದ ಕಾಯಿ ಬಿಟ್ಟಿಲ್ಲ ಅಂದ್ರಲ್ಲ, ಇದಕ್ಕೇ. ಬೇಸಿಗೆ ಗಾಳಿಗೆ ಇದು ನಿಲ್ಲೋದು ಸುಳ್ಳು."

"ಹಾಗಾದ್ರೆ ಕಡಿದುಬಿಡಿ," ಎಂದ ನಾದಿರ್. "ಅಮ್ಮ ಪೇಟೆಗೆ ಹೋಗಿದ್ದಾಳೆ. ಅವಳು ಬರೋದ್ರೊಳಗೆ ಮುಗಿಸಿದ್ರೆ ಒಳ್ಳೇದು."

ಆ ಸೀಮೆಯಲ್ಲಿ ಕಾಯಿ ಬಿಡದ ಖರ್ಜೂರದ ಮರವನ್ನು ಹೆದರಿಸುವ ಪದ್ಧತಿಯಿದೆ. ಚಳಿಗಾಲ ಮುಗಿಯುವ ಹೊತ್ತಿಗೆ ಒಬ್ಬ ಕೊಡಲಿ ಹಿಡಿದು ಬಂದು, ಮರಕ್ಕೆ ಕೊಡಲಿಯ ಹಿಂಬದಿಯಿಂದ ಹೊಡೆದು, ಕಡಿದೇ ಬಿಡುತ್ತೇನೆ ಎಂದು ಅಬ್ಬರಿಸುತ್ತಾನೆ. ಇನ್ನೊಬ್ಬ ಓಡಿ ಬಂದು ಮರವನ್ನು ತಬ್ಬಿ, ಇವಳಿಗೆ ನಾನು ಜಾಮೀನು, ಈ ಸಲ ಬಿಟ್ಟುಬಿಡು ಎಂದು ಬೇಡುತ್ತಾನೆ. ಮರ ಹೆದರಿ ಕಾಯಿ ಬಿಡುತ್ತದೆ. ಚಾಸಿಬ್ ಮತ್ತು ಅವನ ಅಕ್ಕನ ಗಂಡ ಫಾಲಿಹ್ ಈ ಆಟವನ್ನು ಆಡದ ತೋಟವಿರಲಿಲ್ಲ. ಅಬ್ಬರಿಸುವವನು ಚಾಸಿಬ್, ಬೇಡುವವನು ಫಾಲಿಹ್. ಫಾಲಿಹ್ ಬೇಡುವಾಗ ನಿಜವಾದ ಕಣ್ಣೀರೇ ಬರುತ್ತಿತ್ತು.

ಹಾಗಾಗಿ ಕೊಡಲಿ ಎತ್ತಿದ್ದೇ ತಡ, ಚಾಸಿಬ್‌ನ ಕೈ ರೂಢಿಯಂತೆ ಅದನ್ನು ಹಿಮ್ಮುಖ ಮಾಡಿತು, ಬಾಯಿ ತಾನಾಗಿ ತೆರೆಯಿತು.

"ಏಯ್ ಸೋಮಾರಿ! ಕಾಲುವೆ ನೀರೆಲ್ಲ ಕುಡಿದು ಕೊಬ್ಬಿದ್ದೀಯಲ್ಲೇ! ಒಂದು ಗೊನೆ ಕೊಡೋಕೆ ನಿನಗೇನು ರೋಗ? ಇವತ್ತಿಗೆ ನಿನ್ನ ಕಥೆ ಮುಗೀತು!"

ಜೊತೆಗೆ ಬಂದಿದ್ದ ಫಾಲಿಹ್ ಹಣೆ ಚಚ್ಚಿಕೊಂಡ. "ಅಯ್ಯೋ ಮಾರಾಯ, ಇದು ಹೆದರಿಸೋ ಮರ ಅಲ್ಲ, ಕಡಿಯೋ ಮರ!"

ಅಷ್ಟರಲ್ಲಿ ಬಾಗಿಲ ಬಳಿ ಸೊಪ್ಪಿನ ಚೀಲ ದೊಪ್ಪನೆ ಬಿತ್ತು. ಹಜ್ಜಾ ಬದ್ರಿಯಾ ಕಪ್ಪು ಅಬಾಯ ಹಾರಿಸಿಕೊಂಡು ಓಡಿ ಬಂದು ಮರವನ್ನು ತಬ್ಬಿಕೊಂಡಳು.

"ಬಿಡು ಇವಳನ್ನ! ಇವಳಿಗೆ ನಾನು ಜಾಮೀನು! ಎರಡು ಬೇಸಿಗೆ ಕೊಡು. ಆಗಲೂ ಕಾಯಿ ಬಿಡದಿದ್ರೆ ನಾನೇ ಎದುರಿಗೆ ನಿಂತು ಕಡಿಸ್ತೀನಿ!"

ಗೋಡೆಯ ಆಚೆಯಿಂದ ಇಣುಕುತ್ತಿದ್ದ ನೆರೆಮನೆಯವರೆಲ್ಲ ಕೇಳಿಸಿಕೊಂಡರು. ಚಾಸಿಬ್‌ನ ಕೈಯಲ್ಲಿ ಕೊಡಲಿ ಭಾರವಾಯಿತು. ಆಟ ಶುರು ಮಾಡಿದವನು ಅವನೇ, ಜಾಮೀನಿನ ಮಾತೂ ಆಗಿಹೋಯಿತು. ಜಾಮೀನು ಬಿದ್ದ ಮರಕ್ಕೆ ವಾಯಿದೆ ಮುಗಿಯುವ ತನಕ ಕೊಡಲಿ ತಾಗಿಸುವಂತಿಲ್ಲ. ತಾಗಿಸಿದ ಮರಗಾರನನ್ನು ಯಾವ ತೋಟದವರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

"ನೀವು ಮರ ಕಡಿಯೋಕೆ ಬಂದ್ರೋ, ನಾಟಕ ಆಡೋಕೆ ಬಂದ್ರೋ?" ನಾದಿರ್ ಕೆಂಡವಾದ. "ಅಮ್ಮಾ, ಮಕ್ಕಳ ತಲೆ ಮೇಲೆ ಬೀಳುತ್ತಮ್ಮಾ ಇದು!"

"ಮಕ್ಕಳನ್ನ ನನ್ನ ಕೋಣೆಗೆ ಕಳಿಸು. ನಾನು ಇಲ್ಲಿ ಮಲಗ್ತೀನಿ, ಬಿದ್ರೆ ನನ್ನ ಮೇಲೆ ಬೀಳಲಿ," ಎಂದಳು ಹಜ್ಜಾ. ಆಮೇಲೆ ಚಾಸಿಬ್‌ನ ಕಡೆ ತಿರುಗಿದಳು. "ನಮ್ಮಪ್ಪನ ತೋಟ ನೀನು ನೋಡಿಲ್ಲ ಮಗನೇ. ಯುದ್ಧ ಮುಗಿದಾಗ ಅಲ್ಲಿ ತಲೆ ಇಲ್ಲದ ಕಂಬಗಳು ನಿಂತಿದ್ವು, ಅಷ್ಟೇ. ಯುದ್ಧಕ್ಕೂ ಮೊದಲು, ನಾನು ಮದುವೆಯಾಗಿ ಬರೋವಾಗ ಒದ್ದೆ ಗೋಣಿ ಸುತ್ತಿ ದೋಣೀಲಿ ತಂದ ಮರಿ ಇದು. ಆ ತೋಟದಲ್ಲಿ ಉಳಿದವಳು ಇವಳೊಬ್ಬಳೇ. ಕೊಡು ಆ ಕೊಡಲೀನ ಇಲ್ಲಿ. ವಾಯಿದೆ ಮುಗಿಯೋ ತನಕ ನನ್ನ ಹತ್ರ ಇರಲಿ."

ಚಾಸಿಬ್ ಅಪ್ಪನ ಕೊಡಲಿಯನ್ನು ಅವಳ ಕೈಗಿಟ್ಟ. ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ಬಂದವು. ಮರ ಸಾಯುತ್ತಿತ್ತು, ಮುದುಕಿ ಅದರ ಕೆಳಗೇ ಮಲಗುತ್ತೇನೆಂದು ಪಟ್ಟು ಹಿಡಿದಿದ್ದಳು. ಅವಳಿಗೇನಾದರೂ ಆದರೆ ಅದು ಅವನ ಬಾಯಿಯ ಪಾಪ. ಬೇರೇನೂ ತೋಚದೆ ಸೊಂಟಕ್ಕೂ ಕಾಂಡಕ್ಕೂ ಹಗ್ಗದ ಪಟ್ಟಿ ಬಿಗಿದು ಮರ ಹತ್ತಿದ.

ಮೇಲೆ ಸುಳಿ ಗಟ್ಟಿಯಾಗಿತ್ತು, ಹಸಿರಾಗಿತ್ತು. ಹುಳು ಅಷ್ಟು ಎತ್ತರಕ್ಕೆ ಬಂದಿರಲಿಲ್ಲ. ಗರಿಗಳ ಕೆಳಗೆ, ಒಣಗಿದ ಮೋಟುಗಳ ಸಂದಿಯಲ್ಲಿ ಬೆರಳಾಡಿಸಿದಾಗ ಏನೋ ಚುಚ್ಚಿತು. ಮೋಟು ಸರಿಸಿ ನೋಡಿದರೆ ಅಕ್ಕಿಕಾಳಿನಷ್ಟು ಬಿಳಿ ಮೊಳಕೆಗಳು. ಬೇರು! ಬುಡ ಕೈಕೊಟ್ಟಿದ್ದು ತಿಳಿದು ಮರ ಕತ್ತಿನಲ್ಲೇ ಹೊಸ ಬೇರು ಬಿಡಲು ಹೆಣಗುತ್ತಿತ್ತು. ಹಳಬರು ಇಂಥ ಮರದ ತಲೆಯನ್ನು ಬೇರು ಸಮೇತ ಕೊಯ್ದು ಇಳಿಸಿ ನೆಲದಲ್ಲಿ ನೆಡುತ್ತಿದ್ದರು ಎಂದು ಅಪ್ಪ ಹೇಳಿದ್ದು ನೆನಪಾಯಿತು. ತಾನು ಮಾಡಿದ್ದಿಲ್ಲ, ಮಾಡಿದವರನ್ನು ನೋಡಿದ್ದೂ ಇಲ್ಲ. ಆದರೂ ಮೇಲಿನಿಂದಲೇ ಕೂಗಿದ.

"ಹಜ್ಜಾ! ನೀವು ಜಾಮೀನು ಕೊಟ್ಟಿದ್ದು ಬುಡಕ್ಕೋ, ತಲೆಗೋ?"

"ಇದೇನು ತರಲೆ ಪ್ರಶ್ನೆ? ಇವಳಿಗೆ ಕೊಟ್ಟೆ!"

"ಹೊಸ ಬೇರು ಇಲ್ಲಿ ಮೇಲೆ, ಕತ್ತಲ್ಲೇ ಬರ್ತಿದೆ. ಬೇರು ಎಲ್ಲಿದೆಯೋ ಅಲ್ಲಿ ಇವಳಿದ್ದಾಳೆ. ಒಪ್ತೀರಾ?"

ಹಜ್ಜಾ ಕತ್ತೆತ್ತಿ ಗರಿಗಳನ್ನು ನೋಡಿದಳು. "ಒಪ್ಪಿದೆ. ಆದ್ರೆ ಕೊಡಲಿ ತಾಗಬಾರದು."

"ಕೊಡಲಿ ನಿಮ್ಮ ಬಗಲಲ್ಲೇ ಇದೆಯಲ್ಲ, ನಾನೇನು ಹಲ್ಲಲ್ಲಿ ಕಡೀತೀನಾ?"

ಅಂದೇ ಕೆಲಸ ಶುರುವಾಯಿತು. ಮನೆಯ ಮೇಲೆ ಬೀಳದಂತೆ ಮರವನ್ನು ನೆರೆಮನೆಯ ಮರಗಳಿಗೆ ದಪ್ಪ ಹಗ್ಗಗಳಿಂದ ಬಿಗಿದರು. ಕೆಳಗಿನ ಗರಿಗಳನ್ನು ಸವರಿ ಭಾರ ಇಳಿಸಿದರು. ಕತ್ತಿನ ಸುತ್ತ ಹಲಗೆಯ ಪೆಟ್ಟಿಗೆ ಕಟ್ಟಿ ಕಾಲುವೆಯ ಮೆಕ್ಕಲು ಮಣ್ಣು ತುಂಬಿದರು. ಪ್ರತಿ ಸಂಜೆ ಚಾಸಿಬ್ ಮರ ಹತ್ತಿ, ಫಾಲಿಹ್ ಕೆಳಗಿನಿಂದ ಕಳಿಸಿದ ಬಕೆಟ್ ಎಳೆದುಕೊಂಡು ಪೆಟ್ಟಿಗೆಗೆ ನೀರುಣಿಸುತ್ತಿದ್ದ.

ಚಹಾದಂಗಡಿಯವರಿಗೆ ಹಬ್ಬವೋ ಹಬ್ಬ. "ಚಾಸಿಬ್, ಮುದುಕಿ ನಿನ್ನ ಕೊಡಲಿ ಕಿತ್ಕೊಂಡಳಂತೆ, ಮುಂದಿನ ಸಲ ಪಂಚೆ ಹುಷಾರು!" "ಮರದ ತಲೆ ಮೇಲೆ ಹೂಕುಂಡ ಇಟ್ಟಿದ್ದೀಯಂತೆ, ಗುಲಾಬಿ ಯಾವಾಗ?" ಚಾಸಿಬ್ ಚಹಾ ಗುಟುಕರಿಸಿ, "ನಗ್ರಪ್ಪಾ, ನಗ್ರಿ," ಎನ್ನುತ್ತಿದ್ದ. ಕಂಡವರ ಕೊಡಲಿ ಬೇಡಿ ಕೆಲಸಕ್ಕೆ ಹೋಗುವಾಗ ಮಾತ್ರ ಅವನ ಮುಖ ಸಪ್ಪೆಯಾಗುತ್ತಿತ್ತು. ಬೇರೆಯವರ ಕೊಡಲಿ ಅವನ ಅಂಗೈಗೆ ಒಗ್ಗುತ್ತಲೇ ಇರಲಿಲ್ಲ.

ಬೇಸಿಗೆಯಲ್ಲಿ ಧೂಳುಗಾಳಿ ಎದ್ದಿತು. ಬೆಳಗಿನಿಂದ ಸಂಜೆಯವರೆಗೆ ಮರ ನರಳಿತು, ಹಗ್ಗಗಳು ಕಿರುಗುಟ್ಟಿದವು. ಚಾಸಿಬ್ ಮೂಗು-ಬಾಯಿಗೆ ಬಟ್ಟೆ ಸುತ್ತಿಕೊಂಡು ಅಂಗಳದಲ್ಲೇ ನಿಂತಿದ್ದ, ಸಡಿಲವಾದ ಗಂಟನ್ನು ಮತ್ತೆ ಮತ್ತೆ ಬಿಗಿಯುತ್ತಿದ್ದ. ಒಂದು ಹಗ್ಗ ಕಿತ್ತುಬಂದಾಗ ಅದನ್ನು ಹಿಡಿದು ಜೋತುಬಿದ್ದವನು ನಾದಿರ್. ಗಾಳಿ ನಿಂತ ಮೇಲೆ ನಾದಿರ್ ತಾನೇ ಚಹಾ ತಂದು ಕೊಟ್ಟ.

ಚಳಿಗಾಲ ಬಂತು. ಚಾಸಿಬ್ ಪೆಟ್ಟಿಗೆಯ ಒಂದು ಹಲಗೆ ಕಿತ್ತು ನೋಡಿದ. ಮಣ್ಣು ಕಾಣಲೇ ಇಲ್ಲ, ಬೆರಳು ದಪ್ಪದ ಬೇರುಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಮರದ ಮೇಲೆ ಒಬ್ಬನೇ ಕೂತು ಜೋರಾಗಿ ನಕ್ಕ. ಕೆಳಗಿದ್ದ ಫಾಲಿಹ್ ಹೆದರಿದ. "ತಲೆ ಕೆಟ್ಟಿತೇನೋ?"

"ತಲೆ ಕೆಟ್ಟಿಲ್ಲ ಭಾವ, ತಲೆ ಇಳಿಸೋ ಹೊತ್ತು ಬಂತು!"

ಇಳಿಸುವುದು ಹುಡುಗಾಟವಾಗಿರಲಿಲ್ಲ. ಕಾಲುವೆಯ ಕಿರುಸೇತುವೆ ದಾಟಿ ಕ್ರೇನ್ ಬರುವಂತಿರಲಿಲ್ಲ. ಪೆಟ್ಟಿಗೆ, ಮಣ್ಣು, ಗರಿ ಎಲ್ಲ ಸೇರಿ ಎಮ್ಮೆಯ ತೂಕ. ಪಕ್ಕದ ಮನೆಯ ಎತ್ತರದ ಮರಕ್ಕೆ ರಾಟೆ ಕಟ್ಟಿದರು. ಹಗ್ಗದ ಒಂದು ತುದಿ ಖರ್ಜೂರದ ಕತ್ತಿಗೆ, ಇನ್ನೊಂದು ತುದಿ ಬೇರೊಂದು ಮರದ ಬುಡಕ್ಕೆ ಸುತ್ತಿ ಫಾಲಿಹ್‌ನ ಕೈಗೆ. ತಲೆ ಮನೆಯ ಕಡೆ ಹೋಗದಂತೆ ಜಗ್ಗುವ ಹಗ್ಗವನ್ನು ಕೇಳದೆಯೇ ನಾದಿರ್ ಎತ್ತಿಕೊಂಡ. ಚಹಾದಂಗಡಿಯ ಬಾಯಿಗಳೆಲ್ಲ ಗೋಡೆಯ ಮೇಲೆ ಸಾಲಾಗಿ ಕೂತಿದ್ದವು.

ಚಾಸಿಬ್ ಪೆಟ್ಟಿಗೆಯ ಕೆಳಗೆ ಪಟ್ಟಿ ಬಿಗಿದುಕೊಂಡು ಗರಗಸ ಎಳೆಯತೊಡಗಿದ. ಪುಡಿ ಕಣ್ಣಿಗೆ ಬಿತ್ತು, ತೋಳು ಸೋತಿತು. ಕೊನೆಗೆ 'ಚಟ್' ಎಂದಿತು. ತಲೆ ಬೇರ್ಪಟ್ಟು ಗಾಳಿಯಲ್ಲಿ ತೂಗಿತು, ಒಂದು ಸುತ್ತು ತಿರುಗಿತು, ಸೀದಾ ಮಕ್ಕಳ ಕೋಣೆಯತ್ತ ಹೊರಟಿತು.

"ಜಗ್ಗೋ ನಾದಿರ್! ಜಗ್ಗು!"

ನಾದಿರ್ ಹಿಮ್ಮಡಿ ಊರಿ ಜಗ್ಗಿದ. ಗರಿಗಳು ಸೂರಿನ ಅಂಚನ್ನು ಸವರಿಕೊಂಡು ಹಿಂದಕ್ಕೆ ಬಂದವು. ಫಾಲಿಹ್ ಹಗ್ಗವನ್ನು ಗೇಣು ಗೇಣಾಗಿ ಬಿಟ್ಟ. ಖರ್ಜೂರದ ತಲೆ ನಿಧಾನವಾಗಿ ಇಳಿದು, ಹಜ್ಜಾ ತಾನೇ ನಿಂತು ತೋಡಿಸಿದ್ದ ಗುಂಡಿಯಲ್ಲಿ ನೆಟ್ಟಗೆ ಕುಳಿತಿತು. ಗೋಡೆಯ ಮೇಲಿದ್ದವರು ಚಪ್ಪಾಳೆ ಹೊಡೆದರು, ಹೆಂಗಸರ ಹರ್ಷದ ಉಲಿ ಕಾಲುವೆಯ ಆಚೆ ದಡಕ್ಕೂ ಕೇಳಿಸಿತು. ಹಳೆಯ ಕಾಂಡವನ್ನು ತುಂಡು ತುಂಡಾಗಿ ಇಳಿಸಿದಾಗ ಸೊಂಟದ ಎತ್ತರದ ತುಂಡಿನಿಂದ ಬರೀ ಪುಡಿ ಸುರಿಯಿತು. ನಾದಿರ್ ಅದನ್ನು ನೋಡಿ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡ.

ವಸಂತದಲ್ಲಿ ಗರಿಗಳ ನಡುವೆ ಒಂದು ಹೂಗೊನೆ ಇಣುಕಿತು. ಚಾಸಿಬ್ ಗಂಡು ಹೂವಿನ ಪರಾಗ ತಂದು ನೆಲದ ಮೇಲೆ ನಿಂತುಕೊಂಡೇ ಅದಕ್ಕೆ ಉದುರಿಸಿದ. ಖರ್ಜೂರದ ಹೂವಿಗೆ ಬಗ್ಗಿ ಕೆಲಸ ಮಾಡಿದ್ದು ಜೀವನದಲ್ಲಿ ಅದೇ ಮೊದಲು. ಏನೋ ಕಳ್ಳತನ ಮಾಡಿದಂತೆ ಅನಿಸಿ ಸುತ್ತಲೂ ನೋಡಿದ.

ಎರಡನೆಯ ಬೇಸಿಗೆಗೆ ಆ ಒಂದೇ ಗೊನೆ ಹಳದಿಯಾಗಿ ಹೊಳೆಯಿತು. ಕರೆ ಬಂದದ್ದೇ ಚಾಸಿಬ್, ಫಾಲಿಹ್ ಇಬ್ಬರೂ ಓಡಿದರು. ಅಂಗಳ ತುಂಬಿತ್ತು. ಹಜ್ಜಾ ಬದ್ರಿಯಾ ಮರದ ಮುಂದೆ ನಿಂತಿದ್ದಳು, ಗೊನೆ ಅವಳ ಎದೆಯ ಎತ್ತರಕ್ಕಿತ್ತು. ಒಂದು ಕಾಯಿ ಕಿತ್ತಳು. ಕಟುಮ್ಮೆಂದು ಕಚ್ಚಿ, ಕಣ್ಣು ಮುಚ್ಚಿಕೊಂಡು ಅಗಿದಳು.

"ಅದೇ," ಎಂದಳು. "ನಮ್ಮಪ್ಪನ ತೋಟದ್ದೇ." ಕೆನ್ನೆಯ ಮೇಲೆ ನೀರಿಳಿಯಿತು, ಒರೆಸಿಕೊಳ್ಳಲಿಲ್ಲ. "ಇಷ್ಟು ವರ್ಷ ಮೇಲೆ ಹತ್ತಿದವರು ಕೊಟ್ಟಿದ್ದು ತಿಂದೆ. ಇವಳ ಕಾಯೀನ ನನ್ನ ಕೈಯಾರೆ ಕಿತ್ತಿದ್ದು ಇವತ್ತೇ."

ಇನ್ನೊಂದು ಕಾಯಿ ಕಿತ್ತು ಚಾಸಿಬ್‌ನ ಬಾಯಿಗಿಟ್ಟಳು. ಮಾತಿನ ಮಲ್ಲ ಅದನ್ನು ಬೀಜದ ತನಕ ಚೀಪಿದ.

"ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೊಂಡೆ ಹಜ್ಜಾ," ಎಂದ ಕೊನೆಗೆ. "ಇನ್ನು ಈ ಮನೆಗೆ ಮರ ಹತ್ತೋನು ಯಾಕೆ ಬೇಕು?"

ನಾದಿರ್ ಒಳಗಿನಿಂದ ಕೊಡಲಿ ತಂದ. ಅದರ ಕಾವಿಗೆ ಎಣ್ಣೆ ಹಚ್ಚಿತ್ತು, ಅಲಗು ಹೊಳೆಯುತ್ತಿತ್ತು. ಹಜ್ಜಾ ಎರಡೂ ಕೈಯಲ್ಲಿ ಹಿಡಿದು ಅದನ್ನು ಚಾಸಿಬ್‌ಗೆ ಒಪ್ಪಿಸಿದಳು. ಅಂಗೈಗೆ ಅಪ್ಪನ ಕೊಡಲಿ ತಾಗಿದ್ದೇ ಚಾಸಿಬ್ ಅದನ್ನು ತಲೆಯ ಮೇಲೆತ್ತಿ ಮರದ ಕಡೆ ತಿರುಗಿದ.

"ಭಾವಮೈದಾ," ಎಂದ ಫಾಲಿಹ್ ಗಾಬರಿಯಾಗಿ, "ನಿನ್ನ ದಮ್ಮಯ್ಯ, ಬಾಯಿ ತೆಗೀಬೇಡ!"

ಚಾಸಿಬ್ ಎದೆ ತುಂಬ ಉಸಿರೆಳೆದುಕೊಂಡು ಇಡೀ ಅಬುಲ್ ಖಸೀಬ್‌ಗೆ ಕೇಳುವಂತೆ ಕೂಗಿದ. "ಕೇಳ್ರಪ್ಪೋ! ಬದ್ರಿಯಾ ಹಜ್ಜಾ ಕೊಟ್ಟ ಮಾತು ಉಳೀತು! ಜಾಮೀನು ಬಿಡುಗಡೆ!"